ದಪ್ಪ ಗೋಡೆ, ಭಾರದ ಮಾಳಿಗೆ: ನಮ್ಮ ಕಡೆಯ ಮನೆಗಳು ಯಾವುದಕ್ಕೆ ಹೆದರಬೇಕು?

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಮನೆಯೊಳಗೆ ಮಲಗುವುದನ್ನೇ ಬಿಟ್ಟಿದ್ದರು. ನೆಲದೊಳಗಿಂದ ಗುಡುಗಿನಂಥ ಸದ್ದು ಬರುತ್ತಿತ್ತು, ಹಿಂದೆಯೇ ಒಂದು ಅಲುಗಾಟ. 11ರ ರಾತ್ರಿ ಬಂದ ಕಂಪನದ ತೀವ್ರತೆ 4ರ ಆಸುಪಾಸು. ಕಲಬುರಗಿಯಲ್ಲೋ ಬೇರೆ ಊರಲ್ಲೋ ನೆಂಟರಿದ್ದವರು ಗಂಟುಮೂಟೆ ಕಟ್ಟಿಕೊಂಡು ಹೊರಟರು. ಉಳಿದವರು ಅಂಗಳದಲ್ಲಿ, ರಸ್ತೆ ಬದಿಯಲ್ಲಿ, ಶೆಡ್ಡುಗಳಲ್ಲಿ ರಾತ್ರಿ ಕಳೆದರು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ (ಎನ್‌ಜಿಆರ್‌ಐ) ವಿಜ್ಞಾನಿಗಳು ಬಂದು ಪರೀಕ್ಷೆ ನಡೆಸಿದರು. ಆ ಭಾಗದ ನೆಲದಡಿ ಸುಣ್ಣದಕಲ್ಲು ಇದೆ, ಜೋರು ಮಳೆಯ ನೀರು ಅದರ ಬಿರುಕುಗಳಲ್ಲಿ ಇಳಿದಾಗ ಒಳಗಿನ ಒತ್ತಡ ಬದಲಾಗಿ ಹೀಗಾಗುತ್ತದೆ ಎಂಬ ವಿವರಣೆ ಸಿಕ್ಕಿತು.

ಭೂಕಂಪದ ಲೆಕ್ಕದಲ್ಲಿ 4 ಅಂದರೆ ಸಣ್ಣದು. ಸರಿಯಾಗಿ ಕಟ್ಟಿದ ಮನೆಗೆ ಅದರಿಂದ ಏನೂ ಆಗಬಾರದು. ಇಷ್ಟಕ್ಕೆಲ್ಲ ಊರು ಬಿಡಬೇಕಾ ಅಂತ ದೂರದಲ್ಲಿ ಕೂತವರಿಗೆ ಅನ್ನಿಸಬಹುದು. ನನಗೆ ಮಾತ್ರ ಆ ಜನರ ಹೆದರಿಕೆ ಪೂರ್ತಿ ಸರಿ ಅನ್ನಿಸುತ್ತದೆ. ಅವರಿಗೆ ಭೂಮಿಯ ವಿಷಯ ಗೊತ್ತಿತ್ತೋ ಇಲ್ಲವೋ, ತಮ್ಮ ಮನೆಯ ಗೋಡೆಯ ವಿಷಯ ಚೆನ್ನಾಗಿ ಗೊತ್ತಿತ್ತು.

ಆ ಗೋಡೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚಿಂಚೋಳಿ, ಆಳಂದ, ಬಸವಕಲ್ಯಾಣ, ಭಾಲ್ಕಿ ಕಡೆಯ ಹಳೇ ಮನೆಗಳಲ್ಲಿ ಗೋಡೆ ಎರಡರಿಂದ ಮೂರು ಅಡಿ ದಪ್ಪ. ಹೊರಗಡೆ ಒಂದು ಸಾಲು ಕಲ್ಲು, ಒಳಗಡೆ ಇನ್ನೊಂದು ಸಾಲು. ನಡುವಿನ ಸಂದಿಗೆ ಚೂರುಕಲ್ಲು ಮತ್ತು ಮಣ್ಣು. ಸುಣ್ಣ, ಸಿಮೆಂಟ್ ಏನೂ ಇಲ್ಲ, ಎಲ್ಲವನ್ನೂ ಹಿಡಿದಿರುವುದು ಕೆಸರುಮಣ್ಣೇ. ನೋಡಲು ಒಂದೇ ಗೋಡೆ, ನಿಜದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಗೋಡೆ. ಎರಡನ್ನೂ ಹೆಣೆಯುವ ಉದ್ದ ಕಲ್ಲು ನಡುನಡುವೆ ಇದ್ದರೆ ಬಚಾವ್. ಇಲ್ಲದಿದ್ದರೆ ಮಳೆ ನೀರು ಒಳಗಿನ ಮಣ್ಣನ್ನು ಸ್ವಲ್ಪ ಸ್ವಲ್ಪವೇ ತೊಳೆಯುತ್ತದೆ, ಚೂರುಕಲ್ಲು ಕೆಳಗಿಳಿದು ಹೊರಸಾಲನ್ನು ಒತ್ತುತ್ತದೆ. ‘ಗ್ವಾಡಿ ಹೊಟ್ಟಿ ಬಿಟ್ಟದ’ ಅಂತ ನಮ್ಮ ಗೌಂಡಿಗಳು ಹೇಳುವುದು ಇದನ್ನೇ.

ಇನ್ನು ಮೇಲೆ ಮಾಳಿಗೆ. ಕಂಬ, ತೊಲೆ, ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆ, ಅದರ ಮೇಲೆ ಮಣ್ಣು. ಸೋರುತ್ತದೆ ಅಂತ ಮಿರಗದ ಮಳೆಗೆ ಮುಂಚೆ ಹೊಸ ಮಣ್ಣು ಹಾಕುತ್ತಾರೆ. ಹಳೇದನ್ನು ತೆಗೆಯುವುದಿಲ್ಲ. ಅಜ್ಜನ ಕಾಲದಲ್ಲಿ ಗೇಣುದ್ದ ಇದ್ದ ಮಣ್ಣು ಮೊಮ್ಮಗನ ಕಾಲಕ್ಕೆ ಒಂದಡಿ, ಒಂದೂವರೆ ಅಡಿ ಆಗಿರುತ್ತದೆ. ಹತ್ತಡಿಗೆ ಹತ್ತಡಿಯ ಕೋಣೆಯ ಮೇಲೆ ಒಂದಡಿ ಮಣ್ಣು ಅಂದರೆ 100 ಘನ ಅಡಿ, ತೂಕ ನಾಲ್ಕು ಟನ್‌ಗಿಂತ ಜಾಸ್ತಿ. ಅದರ ಕೆಳಗೆ ಹಾಸಿಗೆ ಹಾಸಿಕೊಂಡು ಮಕ್ಕಳು ಮಲಗುತ್ತಾರೆ.

ಹೀಗೆ ಕಟ್ಟಿದವರು ದಡ್ಡರೇನಲ್ಲ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 43, 44 ಡಿಗ್ರಿ ಮುಟ್ಟುತ್ತದೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೇ ಶುರುವಾಗಿ ಮಧ್ಯಾಹ್ನ ಮುಚ್ಚುವ ಪದ್ಧತಿ ಬಂದದ್ದು ಈ ಬಿಸಿಲಿಗಾಗಿಯೇ. ಅಂಥ ಮಧ್ಯಾಹ್ನ ಮೂರಡಿ ಗೋಡೆಯ ಪಡಸಾಲಿಯಲ್ಲಿ ಕೂತವರಿಗೆ ಮಾತ್ರ ಆ ಗೋಡೆಯ ಬೆಲೆ ಗೊತ್ತು. ಕಳ್ಳಕಾಕರ ಭಯಕ್ಕೂ ದಪ್ಪ ಗೋಡೆಯೇ ಮದ್ದಾಗಿತ್ತು. ಕಲ್ಲು, ಮಣ್ಣು ಎರಡೂ ಊರಲ್ಲೇ ಸಿಗುತ್ತಿತ್ತು. ಹೀಗಾಗಿ ಈ ಮನೆ ಬಿಸಿಲಿಗೆ ಗಟ್ಟಿ, ಕಳ್ಳನಿಗೆ ಗಟ್ಟಿ. ನೆಲ ಅಲುಗಿದರೆ ಮಾತ್ರ ಅದೇ ದಪ್ಪ, ಅದೇ ಭಾರ ಒಳಗಿರುವವರ ಮೇಲೆ ಬೀಳುತ್ತದೆ. ಯಾವುದೇ ಮನೆಯಾಗಲಿ, ಮನುಷ್ಯರಾಗಲಿ, ‘ಇದಕ್ಕೆ ಅಪಾಯ ಇದೆ’ ಅಂದರೆ ಮಾತು ಅರ್ಧವೇ ಆಯಿತು. ಯಾವುದರಿಂದ ಅಪಾಯ ಅಂತ ಕೇಳಲೇಬೇಕು. ಇಲ್ಲಿನ ಚರಿತ್ರೆಯಲ್ಲಿ ಆ ಪ್ರಶ್ನೆಯನ್ನು ನಾವು ಸರಿಯಾಗಿ ಕೇಳಿದ್ದು ತೀರಾ ತಡವಾಗಿ.

ತಡವಾಗಿ ಅಂದರೆ 1993ರಲ್ಲಿ. ಆ ವರ್ಷದ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಗಣಪತಿ ಕಳಿಸಿ ದಣಿದು ಜನ ಮಲಗಿದ್ದರು. ಲಾತೂರು ಜಿಲ್ಲೆಯ ಕಿಲ್ಲಾರಿಯ ಅಡಿಯಲ್ಲೇ ಭೂಮಿ ಸಿಡಿಯಿತು. ತೀವ್ರತೆ 6.2. ಸತ್ತವರು ಹತ್ತು ಸಾವಿರದ ಹತ್ತಿರ. ಕಿಲ್ಲಾರಿ ಅಂದರೆ ದೂರದ ಊರಲ್ಲ. ಬಸವಕಲ್ಯಾಣದಿಂದಲೂ ಆಳಂದದಿಂದಲೂ ನೇರ ಗೆರೆ ಎಳೆದರೆ ಐವತ್ತು ಕಿಲೋಮೀಟರ್ ಆಸುಪಾಸು. ಬೀದರ್, ಕಲಬುರಗಿಯಲ್ಲೂ ಪಾತ್ರೆ ಪಗಡೆ ಉರುಳಿ ಜನ ಬೀದಿಗೆ ಓಡಿ ಬಂದಿದ್ದರು. ಆ ರಾತ್ರಿಯನ್ನು ಈಗಲೂ ಇಲ್ಲಿನ ಹಿರಿಯರು ಮರೆತಿಲ್ಲ.

ಇದೇ ಕಾಲದ ಇನ್ನೊಂದು ಭೂಕಂಪವನ್ನು ಪಕ್ಕದಲ್ಲಿಟ್ಟು ನೋಡಿ. 1989ರ ಅಕ್ಟೋಬರ್ 17ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೋಮಾ ಪ್ರಿಯೆಟಾ ಭೂಕಂಪವಾಯಿತು. ತೀವ್ರತೆ 6.9. ಕಿಲ್ಲಾರಿಗಿಂತ ಹತ್ತು ಪಟ್ಟು ಜಾಸ್ತಿ ಶಕ್ತಿ. ಅಲ್ಲಿ ಸತ್ತವರು 63 ಜನ. ಅದರ ಕೇಂದ್ರ ಗುಡ್ಡಗಾಡಿನಲ್ಲಿತ್ತು, ಸಂಜೆ ಹೊತ್ತಾಗಿತ್ತು, ಅದೆಲ್ಲ ನಿಜ. ಆದರೂ 63 ಎಲ್ಲಿ, ಹತ್ತು ಸಾವಿರ ಎಲ್ಲಿ? ಈ ಅಂತರದ ದೊಡ್ಡ ಪಾಲು ಗೋಡೆ ಮತ್ತು ಮಾಳಿಗೆಯದು.

ಕಿಲ್ಲಾರಿಯಲ್ಲಿ ಎಂಜಿನಿಯರುಗಳು ಕಂಡದ್ದು ನಮ್ಮ ಕಡೆಯ ಎಲ್ಲರೂ ತಿಳಿಯಬೇಕಾದ ಸಂಗತಿ. ದಪ್ಪ ಕಲ್ಲುಗೋಡೆ, ಭಾರದ ಮಾಳಿಗೆಯ ಮನೆಗಳು ಮಲಗಿದವರ ಮೇಲೆ ಕುಸಿದಿದ್ದವು. ಮಾಳಿಗೆಯ ಭಾರ ಗೋಡೆಯ ಮೇಲೆ ಬೀಳದೆ ಕಟ್ಟಿಗೆ ಕಂಬಗಳ ಮೇಲೆ ನಿಂತಿದ್ದ ಕೆಲವು ಖಣದ ಮನೆಗಳಲ್ಲಿ ಗೋಡೆ ಉರುಳಿದರೂ ಮಾಳಿಗೆ ನಿಂತಿತ್ತು, ಒಳಗಿದ್ದವರು ಬದುಕಿದ್ದರು. ಊರಾಚೆ ಹುಲ್ಲಿನ ಗುಡಿಸಲಲ್ಲಿ ಮಲಗಿದ್ದ ಬಡವರ ಮೇಲೆ ಬಿದ್ದದ್ದು ಬರೀ ಹುಲ್ಲು, ಗಳ. ಎಂದೂ ಎಲ್ಲದರಲ್ಲೂ ಹಿಂದೆ ಉಳಿದವರು ಆ ಒಂದು ಬೆಳಗಿನ ಜಾವ ಉಳಿದುಕೊಂಡರು.

ಹಾಗಂತ ಬಡವರ ಗುಡಿಸಲು ಸುರಕ್ಷಿತ ಅಂತ ಹೇಳಲು ಬರುವುದಿಲ್ಲ. ಬೆಂಕಿ, ಗಾಳಿ, ಪ್ರವಾಹ ಯಾವುದಕ್ಕೂ ಗುಡಿಸಲು ತಡೆಯದು. ಭೂಕಂಪ ಮುಗಿದ ಮೇಲೆಯೂ ತಕ್ಕಡಿ ಮತ್ತೆ ಹಳೇ ಕಡೆಗೇ ವಾಲಿತು. ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕ್ ನೆರವಿನಿಂದ 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಿತು. ಮನೆಯ ಅಳತೆ ನಿರ್ಧಾರವಾದದ್ದು ಹೊಲದ ಅಳತೆ ನೋಡಿ. ಭೂಮಿ ಇಲ್ಲದವರಿಗೆ 250 ಚದರ ಅಡಿ, 7 ಹೆಕ್ಟೇರ್‌ಗಿಂತ ಜಾಸ್ತಿ ಇದ್ದವರಿಗೆ 750 ಚದರ ಅಡಿ. ಮನೆ ಕಳೆದುಕೊಂಡ ನೋವಿಗೂ ಪಹಣಿ ಕೇಳಿದ್ದು ನನಗಂತೂ ಸರಿ ಅನ್ನಿಸುವುದಿಲ್ಲ.

ಎಚ್ಚರಿಕೆ ಇರಲಿಲ್ಲವೇ? ಒಂದು ಮಟ್ಟಿಗೆ ಇತ್ತು. 1992ರಲ್ಲೇ ಕಿಲ್ಲಾರಿಯಲ್ಲಿ ಸಣ್ಣ ಕಂಪನಗಳು ಸರಣಿಯಾಗಿ ಬಂದಿದ್ದವು, ಅಕ್ಟೋಬರ್‌ನಲ್ಲಿ ಕೆಲವು ಮನೆ ಬಿರುಕು ಬಿಟ್ಟಿದ್ದವು. ಆಮೇಲೆ ನಿಂತವು, ಜನ ಒಳಗೆ ಮಲಗತೊಡಗಿದರು. ಸಣ್ಣ ಕಂಪನ ಬಂದರೆ ದೊಡ್ಡದು ಬಂದೇ ಬರುತ್ತದೆ ಅಂತ ಯಾರೂ ಹೇಳಲಾರರು. ಹೆಚ್ಚಿನ ಸಲ ಬರುವುದೇ ಇಲ್ಲ. ಗಡಿಕೇಶ್ವಾರದಲ್ಲೂ ಬರಲಿಲ್ಲ. ಆದರೆ ಸಣ್ಣ ಕಂಪನದಿಂದ ಯಾವ ಗೋಡೆ ಬಿರುಕು ಬಿಟ್ಟಿತು ಅಂತ ನೋಡಿ ಗುರುತು ಹಾಕಿಕೊಳ್ಳಲು ಯಾವ ಭವಿಷ್ಯವೂ ಬೇಕಿಲ್ಲ.

ನಕ್ಷೆಗಳೂ ನಮ್ಮನ್ನು ಮೈಮರೆಸಿದ್ದವು. ದಖ್ಖನ್ ಅಂದರೆ ಹಳೇ ಗಟ್ಟಿ ಬಂಡೆ, ಇಲ್ಲಿ ಭೂಕಂಪ ಆಗಲ್ಲ ಅಂತ ಬಹಳ ಕಾಲ ನಂಬಿದ್ದರು. 1967ರ ಡಿಸೆಂಬರ್‌ನಲ್ಲಿ ಕೊಯ್ನಾ ಅಣೆಕಟ್ಟಿನ ಬಳಿ ಭೂಮಿ ಅಲುಗಿ ನೂರಕ್ಕೂ ಹೆಚ್ಚು ಜನ ಸತ್ತಾಗ ಆ ನಂಬಿಕೆ ಸ್ವಲ್ಪ ಸಡಿಲಾಯಿತು, ಆದರೆ ಅದು ಜಲಾಶಯದ ಪರಿಣಾಮ ಅಂತ ಸಮಾಧಾನ ಮಾಡಿಕೊಂಡೆವು. 1993ರಲ್ಲಿ ಜಾರಿಯಲ್ಲಿದ್ದ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೇ ವಲಯದಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗದಲ್ಲಿ. 2002ರಲ್ಲಿ ನಕ್ಷೆ ತಿದ್ದಿದಾಗ ಒಂದನೇ ವಲಯವನ್ನೇ ತೆಗೆದುಹಾಕಿದರು, ಕಿಲ್ಲಾರಿ ಮೂರನೇ ವಲಯಕ್ಕೆ ಬಂತು. ಹತ್ತು ಸಾವಿರ ಜನ ಹೋದ ಮೇಲೆ.

ಹೊರ ಜಗತ್ತಿನಲ್ಲಿ ಈ ವಿಚಾರ ಮೊದಲೇ ಶುರುವಾಗಿತ್ತು. 1976ರ ಫೆಬ್ರುವರಿಯಲ್ಲಿ ಗ್ವಾಟೆಮಾಲಾದಲ್ಲಿ ಭೂಕಂಪವಾಗಿ 23 ಸಾವಿರ ಜನ ಸತ್ತರು. ಹೆಚ್ಚಿನವರು ಹಸಿ ಇಟ್ಟಿಗೆಯ ಮನೆಗಳಲ್ಲಿದ್ದ ಬಡವರು. ಸಿರಿವಂತರ ಮನೆಗಳು ಬಹುಪಾಲು ನಿಂತಿದ್ದವು. ಅದನ್ನು ವರ್ಗ ನೋಡಿ ಹೊಡೆದ ಭೂಕಂಪ ಅಂತಲೇ ಕರೆದರು. ಅದೇ ವರ್ಷ ಬ್ರಿಟನ್ನಿನಲ್ಲಿದ್ದ ಮೂವರು ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಬರೆದರು: ವಿಕೋಪ ‘ನೈಸರ್ಗಿಕ’ ಅನ್ನುವುದನ್ನು ಬಿಡಿ, ಜನ ಯಾವ ಸ್ಥಿತಿಯಲ್ಲಿ ಬದುಕುತ್ತಿದ್ದಾರೆ ಅಂತ ನೋಡಿ. ನಮ್ಮಲ್ಲಿ ಅದು ಕಾಗದಕ್ಕೆ ಇಳಿದದ್ದು ಕಿಲ್ಲಾರಿಯ ನಂತರ. 1997ರಲ್ಲಿ ಕೇಂದ್ರದ ಕಟ್ಟಡ ಸಾಮಗ್ರಿ ಮಂಡಳಿ, ಅಂದರೆ ಬಿಎಂಟಿಪಿಸಿ, ಇಡೀ ದೇಶದ ಅಪಾಯದ ಅಟ್ಲಾಸ್ ತಂದಿತು. 2006 ಮತ್ತು 2019ರಲ್ಲಿ ಅದನ್ನು ಪರಿಷ್ಕರಿಸಿದರು. ಇದರ ಒಳ್ಳೆಯ ಗುಣ ಅಂದರೆ, ಜನಗಣತಿಯಲ್ಲಿ ಬರೆದುಕೊಂಡ ಗೋಡೆ ಯಾವುದರದ್ದು, ಮಾಳಿಗೆ ಯಾವುದರದ್ದು ಎಂಬ ಲೆಕ್ಕವನ್ನು ಭೂಕಂಪ, ಗಾಳಿ, ಪ್ರವಾಹದ ನಕ್ಷೆಯ ಜೊತೆ ಇಟ್ಟು ನೋಡುತ್ತದೆ. ಒಂದೇ ಮನೆ ಯಾವ ವಿಪತ್ತಿಗೆ ಎಷ್ಟು ತಡೆಯುತ್ತದೆ ಅಂತ ಬೇರೆ ಬೇರೆಯಾಗಿ ಹೇಳುತ್ತದೆ.

ಇಲ್ಲಿ ಗೋಡೆ ಬೀಳಲು ಭೂಕಂಪವೇ ಬೇಕಾಗಿಲ್ಲ, ಅದು ಎಲ್ಲರಿಗೂ ಗೊತ್ತು. ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಬುನಾದಿ ಜೊತೆಗೇ ಅಲುಗುತ್ತದೆ. 2019ರ ಜೂನ್‌ನಲ್ಲಿ ಬಸವಕಲ್ಯಾಣದಲ್ಲಿ ರಾತ್ರಿ ಹಳೇ ಮನೆಯ ಮಾಳಿಗೆ ಕುಸಿದು ಒಂದೇ ಮನೆಯ ಆರು ಜನ ಹೋದರು, ಅವರಲ್ಲಿ ನಾಲ್ವರು ಮಕ್ಕಳು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಅಫಜಲಪುರದಿಂದ ಯಾದಗಿರಿವರೆಗೆ ದಂಡೆಯ ಊರುಗಳಿಗೆ ನೀರು ನುಗ್ಗಿತು. ನೆರೆ ನೀರು ಇಳಿದು ಹೋದ ಮೇಲೂ ಮಣ್ಣಿನ ಗೋಡೆಗೆ ಅಪಾಯ ಇದ್ದೇ ಇರುತ್ತದೆ. ತೊಯ್ದ ಬುಡ ಮೇಲಿನ ಭಾರ ತಾಳದೆ ಬಿಸಿಲು ಬಿದ್ದಾಗ ಕುಸಿಯುತ್ತದೆ. ಸಾಮಾನು ತರಲು ಒಳಗೆ ಹೋದವರ ಮೇಲೆ ಬೀಳುವುದೂ ಆಗಲೇ.

ಕೆಲವೊಮ್ಮೆ ಕಟ್ಟಡದ ತಪ್ಪೇನೂ ಇರುವುದಿಲ್ಲ. ಬೀದರಿನ ಮಹಮೂದ್ ಗಾವಾನ್ ಮದರಸಾ 1472ರದು, ಈಗಲೂ ನಿಂತಿದೆ. ಔರಂಗಜೇಬನ ಕಾಲದಲ್ಲಿ ಅದರೊಳಗೆ ಸಿಡಿಮದ್ದು ತುಂಬಿದರು. 1696ರಲ್ಲಿ ಅದು ಸಿಡಿದು ಮುಂಭಾಗದ ಅರ್ಧ, ಒಂದು ಮಿನಾರು ಹಾರಿಹೋಯಿತು.

ಈಗ ಊರೂರಲ್ಲಿ ಮಾಳಿಗೆ ಕೆಡವಿ ತಗಡಿನ ಪತ್ರಾ ಹಾಕುತ್ತಿದ್ದಾರೆ. ನೆಲ ಅಲುಗಿದರೆ ಪತ್ರಾ ಯಾರನ್ನೂ ಕೊಲ್ಲುವುದು ಕಷ್ಟ. ಆದರೆ ಮೇ ಮಧ್ಯಾಹ್ನ ಅದರ ಕೆಳಗೆ ಬಾಣಂತಿ, ಹಸುಗೂಸು, ಮಂಚ ಹಿಡಿದ ಅಜ್ಜಿ ಇರಲು ಆಗುತ್ತದಾ? ದುಡ್ಡಿದ್ದವರು ಆರ್‌ಸಿಸಿ ಹಾಕಿ ಕೂಲರ್ ಇಡುತ್ತಾರೆ. ಇಲ್ಲದವರು ಒಂದು ಅಪಾಯ ಬಿಟ್ಟು ಇನ್ನೊಂದಕ್ಕೆ ಹೋಗುತ್ತಾರೆ, ಅಷ್ಟೇ. ಮುಂಬೈ, ಪುಣೆಗೆ ದುಡಿಯಲು ಹೋದವರ ಮನೆಯಲ್ಲಿ ಉಳಿಯುವುದು ವಯಸ್ಸಾದವರು. ಮಾಳಿಗೆ ಹತ್ತಿ ಮಣ್ಣು ಇಳಿಸಲು, ಹೊಟ್ಟೆ ಬಿಟ್ಟ ಗೋಡೆಗೆ ಊರುಗೋಲು ಕೊಡಲು ಅವರಿಗೆ ಕೈ ಸಾಲದು. ಒಂದು ಮನೆಯ ಬಲದಲ್ಲಿ ಅದನ್ನು ನೋಡಿಕೊಳ್ಳುವ ಜನರ ಲೆಕ್ಕವೂ ಸೇರಬೇಕು ಅಲ್ವಾ?

ಸರ್ಕಾರದ ಲೆಕ್ಕ ಬೇರೆ ಥರ ಇದೆ. 2019ರ ನೆರೆಯ ನಂತರ ಕರ್ನಾಟಕದಲ್ಲಿ ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಪೂರ್ತಿ ಬಿದ್ದರೆ 5 ಲಕ್ಷ, ಸ್ವಲ್ಪ ಹಾನಿಯಾದರೆ 50 ಸಾವಿರ. ಪರಿಹಾರ ಹೆಚ್ಚಿಸಿದ್ದು ಒಳ್ಳೆಯದೇ. ಆದರೆ ಈ ದುಡ್ಡು ಕೈಗೆ ಬರಲು ಮೊದಲು ಗೋಡೆ ಬೀಳಬೇಕು. ನಾಳೆ ಬೀಳುವ ಗೋಡೆಯನ್ನು ಇವತ್ತು ನಿಲ್ಲಿಸಿಕೊಳ್ಳಲು ಅದರಲ್ಲಿ ದಾರಿ ಇಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ವಿಪತ್ತಿನ ಹಣದಲ್ಲಿ ಶೇ 20ರಷ್ಟನ್ನು ಮುಂಚಿತವಾಗಿ ಹಾನಿ ತಗ್ಗಿಸುವ ಕೆಲಸಕ್ಕೆ ಎತ್ತಿಟ್ಟಿತು. ಇಂಥ ಹಣದಲ್ಲಿ ಚಿಂಚೋಳಿ, ಆಳಂದ, ಬಸವಕಲ್ಯಾಣದ ಹಳೇ ಮನೆಗಳಿಗೆ ಒಂದು ಪಾಲು ಸಿಗಲೇಬೇಕು. ಗ್ರಾಮ ಪಂಚಾಯಿತಿಗೊಬ್ಬ ತರಬೇತಿ ಪಡೆದ ಗೌಂಡಿ ಇದ್ದರೂ ಎಷ್ಟೋ ಕೆಲಸ ಆಗುತ್ತದೆ.

ಯಾಕೆಂದರೆ ಕೆಲಸ ದೊಡ್ಡದೇನಲ್ಲ. ಕಲ್ಲು ಮಣ್ಣಿನ ಮನೆಗಳನ್ನು ಭೂಕಂಪಕ್ಕೆ ಬಲಪಡಿಸುವ ಮಾರ್ಗಸೂಚಿ, ಐಎಸ್ 13828, ಬಂದದ್ದು ಕಿಲ್ಲಾರಿಯ ವರ್ಷ 1993ರಲ್ಲೇ. ಆಮೇಲೆ ಗಡಿಯಾಚೆ ಲಾತೂರು ಕಡೆ ಹಳೇ ಮನೆಗಳಲ್ಲಿ ಇದನ್ನೇ ಮಾಡಿದರು. ಗೋಡೆಯಲ್ಲಿ ಅಲ್ಲಲ್ಲಿ ಆರಪಾರ ರಂಧ್ರ ಮಾಡಿ, ಕಬ್ಬಿಣದ ಸರಳು ಇಟ್ಟು ಕಾಂಕ್ರೀಟ್ ತುಂಬಿದರೆ ಎರಡು ಸಾಲೂ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಬಾಗಿಲು ಕಿಟಕಿಯ ಮೇಲೆ ಮನೆ ಸುತ್ತ ಒಂದು ಪಟ್ಟಿ ಕಟ್ಟಿದರೆ ಮೂಲೆಗಳು ಬಿಚ್ಚುವುದಿಲ್ಲ. ಕಂಬಕ್ಕೂ ತೊಲೆಗೂ ನಡುವೆ ಓರೆ ಕಟ್ಟಿಗೆ ಹೊಡೆದರೆ ಚೌಕಟ್ಟು ವಾಲುವುದಿಲ್ಲ.

ಅದಕ್ಕೂ ಮುಂಚೆ, ದುಡ್ಡಿಲ್ಲದೆ ಆಗುವ ಕೆಲಸ ಇದೆ. ಈ ಸಲ ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವವರು ಮೊದಲು ಹಳೇ ಮಣ್ಣು ಇಳಿಸಿ. ಗೇಣುದ್ದ ಉಳಿಸಿದರೆ ಸಾಕು, ಸೋರದಂತೆ ಪ್ಲಾಸ್ಟಿಕ್ ತಾಡಪತ್ರಿ ಹಾಸಿ ಅದರ ಮೇಲೆ ಮಣ್ಣು ಹಾಕಿ. ಗೋಡೆ ಬುಡದಲ್ಲಿ ನೀರು ನಿಲ್ಲದಂತೆ ಹೊರಗೆ ಇಳಿಜಾರು ಮಾಡಿ. ಸಂಜೆ ಬಿಸಿಲಲ್ಲಿ ಗೋಡೆಯ ಪಕ್ಕ ನಿಂತು ಉದ್ದಕ್ಕೂ ಕಣ್ಣು ಹಾಯಿಸಿ, ಎಲ್ಲಿ ಹೊಟ್ಟೆ ಬಿಟ್ಟಿದೆ ಅಂತ ತಿಳಿಯುತ್ತದೆ. ಆ ಜಾಗದಿಂದ ಮಕ್ಕಳ ಹಾಸಿಗೆ, ಅಜ್ಜಿಯ ಮಂಚ ಅವತ್ತೇ ಸರಿಸಿ, ಬಾಗಿಲಿಗೆ ಹತ್ತಿರ ಹಾಕಿ.