ಹಾಸಿಗೆ ಬಿಡದೆ ಅರ್ಧ ಗಂಟೆ ಊರಿಗೆ

ಜಪಾನಿನ ಎರಡು ಉಪಶಮನ ಆರೈಕೆ (ರೋಗ ಗುಣವಾಗದಿದ್ದರೂ ನೋವು, ಸಂಕಟ ತಗ್ಗಿಸುವ ಆರೈಕೆ) ವಾರ್ಡುಗಳಲ್ಲಿ, ಕೊನೆಯ ಹಂತದ ಕ್ಯಾನ್ಸರ್ ಇದ್ದ 20 ಮಂದಿಯನ್ನು ಒಂದು ವಿಚಿತ್ರ ಪ್ರಯಾಣಕ್ಕೆ ಕರೆದೊಯ್ಯಲಾಯಿತು. ರೋಗಿಯ ಕಣ್ಣಿಗೆ, ಬೇರೊಂದು ಜಾಗದಲ್ಲೇ ಇದ್ದೇವೆ ಎನಿಸುವಂತೆ ತೋರಿಸುವ ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್ ಕಟ್ಟಿ, ಭೂಮಿಯ ಜಾಗಗಳನ್ನು ತೋರಿಸುವ ಗೂಗಲ್ ಅರ್ಥ್‌ನ ವಿಆರ್ ಆವೃತ್ತಿಯಲ್ಲಿ ಅವರಿಗೆ ಬೇಕಾದ ಜಾಗವನ್ನು ಅರ್ಧ ಗಂಟೆ ಸುತ್ತಿಸಿದರು. ಕೆಲವರು ತಮ್ಮ ನೆನಪಿನ ಜಾಗಗಳಿಗೆ ಹೋದರು. ಕೆಲವರು ಎಂದಾದರೂ ನೋಡಬೇಕು ಎಂದುಕೊಂಡು ನೋಡದೇ ಉಳಿದಿದ್ದ ಕಡೆಗೆ. ಹೊರಡುವ ಮುಂಚೆ ಮತ್ತು ಬಂದ ಮೇಲೆ ನೋವು, ಸುಸ್ತು, ಮಂಪರು, ಏದುಸಿರು, ಆತಂಕ, ಖಿನ್ನತೆ ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳಿ ಬರೆದುಕೊಂಡರು. 2019ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಅವೆಲ್ಲವೂ ಇಳಿದಿದ್ದವು. ಗಂಭೀರವಾದ ಅಡ್ಡಪರಿಣಾಮ ಯಾರಲ್ಲೂ ಕಾಣಲಿಲ್ಲ.

ಇಪ್ಪತ್ತೇ ಮಂದಿ, ಹೋಲಿಸಲು ಇನ್ನೊಂದು ಗುಂಪೂ ಇಲ್ಲ. ಹಾಗಾಗಿ ಇದನ್ನು ಸುಳಿವು ಎನ್ನಬಹುದೇ ಹೊರತು ಪುರಾವೆ ಎನ್ನಲಾಗದು. ಆದರೂ ಆ ಪಟ್ಟಿಯಲ್ಲಿ ಏದುಸಿರು ಇರುವುದು ಕುತೂಹಲ ಹುಟ್ಟಿಸುತ್ತದೆ. ಚಿತ್ರ ನೋಡಿದರೆ ಮನಸ್ಸು ಹಗುರಾಗುವುದು ಸರಿ. ಉಸಿರು ಹೇಗೆ ಹಗುರಾಗುತ್ತದೆ? ಶ್ವಾಸಕೋಶದಲ್ಲಿ ಆ ಅರ್ಧ ಗಂಟೆಯಲ್ಲಿ ಬದಲಾದದ್ದು ಏನೂ ಇಲ್ಲವಲ್ಲ.

ಉತ್ತರಕ್ಕೆ ನೋವಿನಿಂದಲೇ ಶುರು ಮಾಡಬೇಕು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಒಂದು ಸಿದ್ಧಾಂತ ಮುಂದಿಟ್ಟರು: ಗಾಯದಿಂದ ಹೊರಟ ಸಂಕೇತ ನೇರವಾಗಿ ಮಿದುಳಿಗೆ ಹೋಗಿ ನೋವಾಗುವುದಿಲ್ಲ, ಬೆನ್ನುಹುರಿಯಲ್ಲಿ ಅದಕ್ಕೊಂದು ದ್ವಾರವಿದೆ. ಅದು ಎಷ್ಟು ತೆರೆಯಬೇಕು ಎಂಬುದನ್ನು ಮೇಲಿನಿಂದ ಮಿದುಳೂ ನಿರ್ಧರಿಸುತ್ತದೆ. ಅವರ ವಿವರಣೆಯ ಎಷ್ಟೋ ಅಂಶಗಳು ಮುಂದೆ ತಿದ್ದುಪಡಿಯಾದವು. ಆದರೆ ಗಮನ, ಭಯ, ನಿರೀಕ್ಷೆಗಳು ನೋವನ್ನು ಹೆಚ್ಚು ಕಡಿಮೆ ಮಾಡುತ್ತವೆ ಎಂಬ ತಿರುಳು ಉಳಿಯಿತು. ಆಟದ ಭರದಲ್ಲಿ ಮೊಣಕಾಲು ತರಚಿದ್ದು ಗೊತ್ತೇ ಆಗದಿರುವುದಕ್ಕೂ, ನಡುರಾತ್ರಿ ಹಲ್ಲುನೋವು ಹಗಲಿಗಿಂತ ಜೋರಾಗುವುದಕ್ಕೂ ಇದರಲ್ಲಿ ಒಂದು ಪಾಲು ಕಾರಣ ಸಿಗುತ್ತದೆ.

ಇದನ್ನು ವಿಆರ್‌ಗೆ ಜೋಡಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಹಂಟರ್ ಹಾಫ್‌ಮನ್. ಸುಟ್ಟಗಾಯದ ರೋಗಿಗಳಿಗೆ ಡ್ರೆಸ್ಸಿಂಗ್ ಬದಲಿಸುವಾಗಿನ ನೋವನ್ನು ಮಾರ್ಫಿನ್ ಜಾತಿಯ ಔಷಧಗಳೂ ಪೂರ್ತಿ ತಡೆಯಲಾರವು. ಅವರಿಗಾಗಿ ಹಾಫ್‌ಮನ್ ಬಳಗ ಹಿಮದ ಕಣಿವೆಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿತು. ಕಣಿವೆಯಲ್ಲಿ ತೇಲುತ್ತಾ ಹಿಮಮಾನವರ ಮೇಲೂ ಪೆಂಗ್ವಿನ್‌ಗಳ ಮೇಲೂ ಹಿಮದುಂಡೆ ಎಸೆಯುವುದಷ್ಟೇ ಆಟ. ಇದಕ್ಕೂ ಮುಂಚೆ, ಬೇರೊಂದು ವಿಆರ್ ದೃಶ್ಯ ಬಳಸಿ 2000ದಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ ಇದ್ದವರು ಇಬ್ಬರೇ ಹದಿಹರೆಯದ ಹುಡುಗರು. ಅವರಿಗೂ ಸಾಮಾನ್ಯ ವಿಡಿಯೋ ಗೇಮ್ ಕೊಟ್ಟು ಹೋಲಿಸಿ ನೋಡಿದ್ದರು. ವಿಆರ್‌ನಲ್ಲಿ ಮುಳುಗಿದ್ದಾಗ ನೋವು ಬಹಳ ಕಡಿಮೆ ಎಂದಿದ್ದರು ಹುಡುಗರು. ಬಾಯಿಮಾತಿಗೆ ಸಂಶಯ ಪಡುವವರಿಗೆ ಉತ್ತರ 2004ರಲ್ಲಿ ಬಂತು. ಎಂಟು ಮಂದಿ ಆರೋಗ್ಯವಂತರ ಪಾದಕ್ಕೆ ಸಹಿಸಬಹುದಾದಷ್ಟು ಬಿಸಿ ತಾಗಿಸಿ, ಎಂಆರ್‌ಐ ಯಂತ್ರದೊಳಗೇ ವಿಆರ್ ತೋರಿಸಿ ಮಿದುಳನ್ನು ಗಮನಿಸಿದರು. ನೋವಿಗೆ ಸಂಬಂಧಪಟ್ಟ ಐದು ಭಾಗಗಳಲ್ಲಿಯೂ ಚಟುವಟಿಕೆ ತಗ್ಗಿತ್ತು.

ಸುಟ್ಟಗಾಯದ ಡ್ರೆಸ್ಸಿಂಗ್ ಮುಗಿಯುತ್ತದೆ. ಮುಂದುವರಿದ ಕ್ಯಾನ್ಸರಿನ ನೋವು ಹಾಗಲ್ಲ. ದಿನವಿಡೀ ಹೆಡ್‌ಸೆಟ್ ಕಟ್ಟಿಕೊಂಡು ಯಾರೂ ಮಲಗಲಾರರು. ಇಲ್ಲಿ ಸಿಸಿಲಿ ಸಾಂಡರ್ಸ್ ನೆನಪಾಗುತ್ತಾಳೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ (ಸಾಯುತ್ತಿರುವವರ ಆರೈಕೆಯ ಮನೆ) ತೆರೆದ ಈಕೆ ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆ. ಸಾಯುತ್ತಿರುವವರ ನೋವಿನಲ್ಲಿ ದೇಹದ್ದು ಒಂದು ಪಾಲು ಮಾತ್ರ; ಮನಸ್ಸಿನದು, ಮನೆಯದು, ‘ನನಗೇ ಏಕೆ’ ಎಂಬುದು, ಎಲ್ಲವೂ ಸೇರಿ ಒಂದೇ ನೋವಾಗಿರುತ್ತದೆ ಎಂದು ಆಕೆ ಹೇಳುತ್ತಿದ್ದಳು. ಏದುಸಿರಿನ ಒಗಟು ಬಿಡಿಸಿಕೊಳ್ಳುವುದೂ ಹೀಗೆಯೇ. ಉಸಿರು ಸಾಲದು ಎಂಬ ಸಂವೇದನೆ ಒಂದು, ಅದರಿಂದ ಹುಟ್ಟುವ ದಿಗಿಲು ಇನ್ನೊಂದು. ದಿಗಿಲಾದಾಗ ಉಸಿರಾಟ ವೇಗವಾಗುತ್ತದೆ, ವೇಗವಾದಷ್ಟೂ ಸಾಲದೆನಿಸುತ್ತದೆ, ದಿಗಿಲು ಮತ್ತೆ ಏರುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ತುಂಡರಿಸಿದರೆ ಶ್ವಾಸಕೋಶ ಹಾಗೇ ಇದ್ದರೂ ರೋಗಿಗೆ ನಿರಾಳವಾಗಬಹುದು. ಮುಖದ ಮೇಲೆ ಫ್ಯಾನಿನ ಗಾಳಿ ಬೀಸಿದರೆ ಏದುಸಿರು ತಗ್ಗುವುದನ್ನು ಉಪಶಮನ ವೈದ್ಯರು ಬಹಳ ಹಿಂದಿನಿಂದ ಬಲ್ಲರು.

ಹಾಗಾದರೆ ಇದು ಹೆಡ್‌ಸೆಟ್ಟಿನ ಗುಣವೋ, ಅಥವಾ ಅರ್ಧ ಗಂಟೆ ಒಬ್ಬರು ಪಕ್ಕದಲ್ಲಿ ಕುಳಿತು ‘ಎಲ್ಲಿಗೆ ಹೋಗೋಣ’ ಎಂದು ಕೇಳಿದ್ದರ ಗುಣವೋ? ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು. ಔಷಧದ ಪರೀಕ್ಷೆಯಲ್ಲಿ ಹೋಲಿಕೆಗೆಂದು ಔಷಧದ ಹೆಸರಲ್ಲಿ ಕೊಡುವ ಸಕ್ಕರೆ ಗುಳಿಗೆಯಂತೆ ಸುಳ್ಳು ವಿಆರ್ ಒಂದನ್ನು ಮಾಡುವುದು ಸುಲಭವಲ್ಲ. ಕಣ್ಣಿಗೆ ಏನು ಕಟ್ಟಿದ್ದಾರೆ ಎಂಬುದು ಕಟ್ಟಿಸಿಕೊಂಡವರಿಗೆ ಗೊತ್ತೇ ಇರುತ್ತದೆ. ವಾಷಿಂಗ್ಟನ್ ಡಿ.ಸಿ.ಯ ಆಸ್ಪತ್ರೆಯೊಂದರಲ್ಲಿ ಹಂಟರ್ ಗ್ರೋನಿಂಗರ್ ಮತ್ತು ಸಂಗಡಿಗರು ಇದಕ್ಕೆ ಹತ್ತಿರದ ದಾರಿಯೊಂದನ್ನು ಹಿಡಿದರು. ಮಧ್ಯಮದಿಂದ ತೀವ್ರ ನೋವಿದ್ದ 128 ಕ್ಯಾನ್ಸರ್ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹತ್ತು ನಿಮಿಷ ವಿಆರ್, ಇನ್ನೊಂದಕ್ಕೆ ಅಷ್ಟೇ ಹೊತ್ತು ಟ್ಯಾಬ್ಲೆಟ್ ಪರದೆಯಲ್ಲಿ ಮನಸ್ಸನ್ನು ಸಮಾಧಾನಗೊಳಿಸುವ ಚಿತ್ರ, ಧ್ವನಿ ಕೊಟ್ಟರು. 2024ರ ಫಲಿತಾಂಶ: ಹತ್ತು ಅಂಕದ ಮಾಪನದಲ್ಲಿ ವಿಆರ್ ಗುಂಪಿನ ನೋವು ಸರಾಸರಿ 1.4 ಇಳಿಯಿತು, ಟ್ಯಾಬ್ಲೆಟ್ ಗುಂಪಿನದು 0.7. ಒಂದು ದಿನದ ನಂತರ ಕೇಳಿದಾಗ ಅಂತರ ಇನ್ನೂ ಹಿಗ್ಗಿತ್ತು, 1.7 ಮತ್ತು 0.3. ಟ್ಯಾಬ್ಲೆಟ್‌ನಿಂದಲೂ ಸ್ವಲ್ಪ ಇಳಿಯಿತು ಎಂಬುದನ್ನು ಮರೆಯಬಾರದು. ಅಂದರೆ ಗಮನ, ಸಂಗಗಳಿಗೂ ಪಾಲಿದೆ. ಆದರೆ ಎಲ್ಲವೂ ಅಷ್ಟೇ ಅಲ್ಲ.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಕಣ್ಣು ಚಲಿಸಿದೆ ಎನ್ನುತ್ತದೆ, ಒಳಗಿವಿ ಇಲ್ಲ ಎನ್ನುತ್ತದೆ. ಆ ಜಗಳದಿಂದ ವಾಕರಿಕೆ ಬರುತ್ತದೆ. ಮೊದಲೇ ವಾಕರಿಕೆ ಇರುವವರು, ಮೂರ್ಛೆರೋಗದವರು, ಗೊಂದಲದ ಸ್ಥಿತಿಯಲ್ಲಿ ಇರುವವರು, ತಲೆ ಅಥವಾ ಮುಖದಲ್ಲಿ ಗಡ್ಡೆ ಇರುವವರು ಇದರಿಂದ ದೂರವಿರುವುದೇ ಲೇಸು. ಅರ್ಧ ಕಿಲೋ ತೂಗುವ ಸಾಧನ ಕೃಶವಾದ ಕತ್ತಿಗೆ ದೊಡ್ಡ ಹೊರೆ. ಇನ್ನೊಂದು ಪೇಚೂ ಇದೆ: ಬಹುತೇಕ ಆ್ಯಪ್‌ಗಳು ಬಳಸುವವರು ಕುಳಿತಿದ್ದಾರೆ ಅಥವಾ ನಿಂತಿದ್ದಾರೆ ಎಂದುಕೊಂಡೇ ತಯಾರಾದವು. ಮಲಗಿದವರಿಗೆ ಊರಿನ ಬದಲು ಆಕಾಶ ಮಾತ್ರ ಕಾಣುತ್ತದೆ; ದಿಗಂತವನ್ನು ಹೊಂದಿಸಿ ಕೊಡಬೇಕು.

ಭಾರತದಲ್ಲಿ ಈ ಮಾತು ಆಡುವಾಗ ಮಾರ್ಫಿನ್ ಮೊದಲು ಎನ್ನದೆ ವಿಧಿಯಿಲ್ಲ. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ವೈದ್ಯಕೀಯ ಮಾರ್ಫಿನ್ ಬಳಕೆ ಪಾತಾಳಕ್ಕಿಳಿಯಿತು. 2014ರ ತಿದ್ದುಪಡಿ ಪರವಾನಗಿಯ ಗಂಟುಗಳನ್ನು ಸಡಿಲಿಸಿತು. ಅಗ್ಗದ ಮಾತ್ರೆ ಸಿಗದ ಕಡೆ ಹೆಡ್‌ಸೆಟ್ ತಂದಿಡುವುದು ತಮಾಷೆಯಾದೀತು. ಆದರೆ ಬೆಂಗಳೂರಿನ ಕರುಣಾಶ್ರಯದಂತೆ ನೋವಿನ ಔಷಧವೂ ನುರಿತ ದಾದಿಯರೂ ಇರುವ ಹಾಸ್ಪೀಸ್‌ಗಳಿಗೆ ಇದು ಮಾರ್ಫಿನ್‌ನ ಜೊತೆಗೆ ಸೇರಬಹುದಾದ ಸಾಧನ.

ಆಗ ಬರುವ ಅಡಚಣೆ ಬೇರೆ. ಬೀದಿಯನ್ನು ನಿಂತು ನೋಡಿದಂತೆ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ ಕಾರುಗಳನ್ನು 2011ರಲ್ಲಿ ಬೆಂಗಳೂರು ಪೊಲೀಸರು ಭದ್ರತೆಯ ಕಾರಣಕ್ಕೆ ನಿಲ್ಲಿಸಿದ್ದರು. ಸೇವೆ ಭಾರತದಲ್ಲಿ ಅಧಿಕೃತವಾಗಿ ಶುರುವಾದದ್ದು 2022ರಲ್ಲಿ, ಬೆಂಗಳೂರೂ ಸೇರಿ ಹತ್ತು ನಗರಗಳಲ್ಲಿ. ಹಳ್ಳಿಯ ಕೇರಿ ನೋಡಬೇಕು ಎನ್ನುವ ರೋಗಿಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಸುತ್ತಲಿನದನ್ನೆಲ್ಲ ಒಟ್ಟಿಗೆ ಹಿಡಿಯುವ 360 ಡಿಗ್ರಿ ಕ್ಯಾಮೆರಾ ಒಂದನ್ನು ಮನೆಯವರೇ ಊರಿಗೆ ಒಯ್ದು ಚಿತ್ರಿಸಿ ತರಬಹುದು. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ನಡೆದರೆ ನೋಡುವವರಿಗೆ ತಲೆಸುತ್ತು ಬರುತ್ತದೆ. ಜಗಲಿಯ ಮೇಲೆ, ಕುಳಿತವರ ಕಣ್ಣಿನ ಎತ್ತರಕ್ಕೆ ಸ್ಟ್ಯಾಂಡಿಗೆ ಬಿಗಿದು, ಅಲುಗಿಸದೆ ಐದು ನಿಮಿಷ ಬಿಟ್ಟರೆ ಸಾಕು. ಧ್ವನಿಯನ್ನು ಮಾತ್ರ ಆಫ್ ಮಾಡಬಾರದು.