ಪ್ರಿಂಟ್ ತೆಗೆದರೆ ಗ್ರಾಫಿನ ಗೆರೆಗಳೆಲ್ಲ ಒಂದೇ ಥರ ಕಾಣುತ್ತವೆ, ಏನು ಮಾಡಲಿ?

ಪ್ರಶ್ನೆ: ಭಾಗಮಂಡಲ, ಮಡಿಕೇರಿ, ವಿರಾಜಪೇಟೆ, ಕುಶಾಲನಗರ. ಈ ನಾಲ್ಕು ಕಡೆಯ ಮಳೆಯನ್ನು ಜನವರಿಯಿಂದ ದಿನದಿನ ಕೂಡಿಸುತ್ತಾ ಹೋಗಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ (ಪೈಥಾನ್ ಭಾಷೆಯಲ್ಲಿ ಗ್ರಾಫ್ ಬರೆಯುವ ಸಾಧನ) ಗ್ರಾಫ್ ಮಾಡಿದ್ದೇನೆ. ಕಪ್ಪು-ಬಿಳುಪು ಪ್ರಿಂಟಿನಲ್ಲಿ ಯಾವ ಗೆರೆ ಯಾವ ಊರಿನದು ಅಂತ ಗೊತ್ತಾಗುವುದಿಲ್ಲ. ಗೆರೆಯ ಮೇಲೆ ಮಾರ್ಕರ್ (ಗುರುತು) ಹಾಕಿದರೆ ಗೆರೆಯೇ ಮುಚ್ಚಿಹೋಗುತ್ತದೆ.
(ಪೊನ್ನಂಪೇಟೆಯ ಓದುಗರು)

ಉತ್ತರ: ಮಾರ್ಕರ್ ಬೇಕೇ ಬೇಕು. ಬರೀ ಬಣ್ಣವನ್ನು ನಂಬಿದರೆ ಪ್ರಿಂಟಿನಲ್ಲಷ್ಟೇ ಅಲ್ಲ, ಕೆಂಪು-ಹಸಿರು ಬೇರೆ ಮಾಡಿ ನೋಡಲಾಗದವರಿಗೂ ಕಷ್ಟ. ಆದರೆ 365 ದಿನಕ್ಕೆ 365 ಗುರುತು ಯಾಕೆ? 'ಮಾರ್ಕ್‌ಎವ್ರಿ' (markevery) ಎಂಬ ಆಯ್ಕೆಗೆ 40 ಕೊಡಿ, ನಲವತ್ತು ದಿನಕ್ಕೊಂದು ಗುರುತು ಬೀಳುತ್ತದೆ. ಅಷ್ಟಕ್ಕೇ ನಿಲ್ಲಬೇಡಿ. ಮುಂಗಾರಿಗೆ ಮೊದಲು ನಾಲ್ಕೂ ಗೆರೆ ತಳದಲ್ಲೇ ಒತ್ತೊತ್ತಾಗಿ ಇರುತ್ತವೆ, ಅಲ್ವಾ? ಅಲ್ಲಿ ಗುರುತುಗಳು ಒಂದರ ಮೇಲೊಂದು ಕೂರುತ್ತವೆ. ಹಾಗಾಗಿ ಭಾಗಮಂಡಲಕ್ಕೆ (0, 40), ಮಡಿಕೇರಿಗೆ (10, 40), ಮುಂದಿನವಕ್ಕೆ (20, 40), (30, 40) ಎಂದು ಜೋಡಿಯಾಗಿ ಕೊಡಿ. ಮೊದಲ ಸಂಖ್ಯೆ ಗುರುತು ಎಲ್ಲಿಂದ ಶುರುವಾಗಬೇಕು ಅನ್ನುವುದನ್ನು ಹೇಳುತ್ತದೆ. ಲೆಕ್ಕವೇನೂ ಬದಲಾಗುವುದಿಲ್ಲ, ಗೆರೆ ಎಲ್ಲಾ ದಿನಗಳದ್ದೇ. ಆದರೂ ಚಿತ್ರದ ಕೆಳಗೆ 'ಗುರುತುಗಳು ಊರು ತಿಳಿಯಲು ಮಾತ್ರ' ಎಂದು ಬರೆಯಿರಿ. ಇಲ್ಲದಿದ್ದರೆ ಆ ದಿನಗಳಲ್ಲಷ್ಟೇ ಮಳೆ ಅಳೆದಿದ್ದಾರೆ ಅಂದುಕೊಳ್ಳುತ್ತಾರೆ.

ಆಕಾರಕ್ಕೆ ದುಂಡು, ಚೌಕ, ತ್ರಿಕೋನ, ವಜ್ರ ಸಾಕು. ಎರಡಕ್ಕೆ ಒಳಗೆ ಬಿಳಿ ತುಂಬಿ. ಒಳಬಣ್ಣಕ್ಕೆ (markerfacecolor) 'ನನ್' (none, ಅಂದರೆ ಬಣ್ಣವೇ ಇಲ್ಲ) ಅಂತ ಕೊಟ್ಟರೆ ಒಳಗಿಂದ ಗೆರೆ ಹಾದುಹೋಗುವುದು ಕಾಣುತ್ತದೆ, ಬಿಳಿ ಕೊಟ್ಟರೆ ಕಾಣುವುದಿಲ್ಲ.

ಇನ್ನು ಲೆಜೆಂಡ್, ಅಂದರೆ ಯಾವ ಗೆರೆ ಯಾವ ಊರಿನದು ಎಂದು ಹೇಳುವ ಪಟ್ಟಿ. ನೀವು ಗೆರೆ ಹಾಕಿದ ಕ್ರಮದಲ್ಲೇ ಅದರಲ್ಲಿ ಹೆಸರು ಬರುತ್ತವೆ. ನಿಮ್ಮ ಗ್ರಾಫಿನ ಕೊನೆಯಲ್ಲಿ ಭಾಗಮಂಡಲ ಎಲ್ಲಕ್ಕಿಂತ ಮೇಲೆ, ಕುಶಾಲನಗರ ಕೆಳಗೆ. ಅದೇ ಕ್ರಮದಲ್ಲಿ ಹಾಕಿದರೆ ಕಣ್ಣು ಹುಡುಕಾಡುವುದಿಲ್ಲ. ಜಾಗ ಎಡಗಡೆ ಮೇಲೆ. ಮಳೆಗಾಲ ಶುರುವಾಗುವ ತನಕ ಅಲ್ಲಿ ಯಾವ ಗೆರೆಯೂ ಏರುವುದಿಲ್ಲ.

ನನ್ನನ್ನು ಕೇಳಿದರೆ, ನಾಲ್ಕೇ ಗೆರೆ ಇರುವಾಗ ಲೆಜೆಂಡ್ ಡಬ್ಬಿಯೇ ಬೇಡ. ಡಿಸೆಂಬರ್ ಹೊತ್ತಿಗೆ ಗೆರೆಗಳು ದೂರದೂರ ನಿಂತಿರುತ್ತವೆ. ಬಲತುದಿಯಲ್ಲಿ 'ಟೆಕ್ಸ್ಟ್' (text) ಬಳಸಿ ಊರಿನ ಹೆಸರನ್ನೇ ಬರೆದುಬಿಡಿ. ಸೇವ್ ಮಾಡುವಾಗ 'ಬಿಬಾಕ್ಸ್ ಇಂಚಸ್' (bbox_inches) ಆಯ್ಕೆಗೆ 'ಟೈಟ್' (tight) ಕೊಡಿ, ಇಲ್ಲದಿದ್ದರೆ ಹೆಸರು ಅಂಚಿನಲ್ಲಿ ಕತ್ತರಿಸಿಹೋಗಬಹುದು.

ಹೆಸರು ಕನ್ನಡದಲ್ಲಿದ್ದರೆ ಖಾಲಿ ಚೌಕಗಳು ಬರುತ್ತವೆ, ಯಾಕಂದ್ರೆ ಮೊದಲೇ ಇರುವ ಡೇಜಾವು ಸ್ಯಾನ್ಸ್ ಫಾಂಟಿನಲ್ಲಿ ಕನ್ನಡವಿಲ್ಲ. ನೋಟೋ ಸ್ಯಾನ್ಸ್ ಕನ್ನಡ ಹಾಕಿ. ಆಮೇಲೂ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ 'ಎಸ್‌ವಿಜಿ ಫಾಂಟ್‌ಟೈಪ್' (svg.fonttype) ಅನ್ನು 'ನನ್' ಮಾಡಿ, ಎಸ್‌ವಿಜಿಯಾಗಿ ಉಳಿಸಿ, ಇಂಕ್‌ಸ್ಕೇಪ್‌ನಲ್ಲಿ (ಚಿತ್ರ ತಿದ್ದುವ ತಂತ್ರಾಂಶ) ತೆರೆದು ಪಿಡಿಎಫ್ ಮಾಡಿಕೊಳ್ಳಿ.