ವಾಲ್‌ನಟ್ ಪಟ್ಟಿಯನ್ನು ಇನ್ನೆಷ್ಟು ಹೊತ್ತು ನೆನೆಹಾಕಬೇಕು?

"ಸರ್, ಎಂಡೆವರ್ ಹಡಗಿನ ಮರದ ಮಾದರಿಯ ಕಿಟ್ ಕಟ್ಟುತ್ತಿದ್ದೇನೆ. ಮೊದಲ ಪದರ ಹೇಗೋ ಮುಗಿಸಿದೆ. ಈಗ ಮೇಲಿನ ವಾಲ್‌ನಟ್ ಮರದ ತೆಳು ಪಟ್ಟಿಗಳ ಹೊದಿಕೆ. ಪಟ್ಟಿಗಳು ನಿನ್ನೆ ರಾತ್ರಿಯಿಂದ ಬಕೆಟ್ಟಿನಲ್ಲೇ ಇವೆ. ಆದರೂ ಮೂತಿಯ ಹತ್ತಿರ ಕೂರದೆ ಎದ್ದು ಬರುತ್ತವೆ. ಇನ್ನೆಷ್ಟು ಹೊತ್ತು ನೆನೆಯಬೇಕು?"

ಈ ಪ್ರಶ್ನೆ ಎಷ್ಟನೇ ಸಲ ಬಂತೋ ಲೆಕ್ಕ ಇಟ್ಟಿಲ್ಲ. ಹಡಗಿನ ಹೆಸರು ಮಾತ್ರ ಬೇರೆ ಬೇರೆ, ಬಕೆಟ್ ಎಲ್ಲರ ಮನೆಯಲ್ಲೂ ಇದೆ. ಇಡ್ಲಿಗೆ ಉದ್ದು ನೆನೆಹಾಕುವ ಶ್ರದ್ಧೆಯಲ್ಲೇ ಜನ ರಾತ್ರಿ ಮಲಗುವ ಮುಂಚೆ ಪಟ್ಟಿ ನೆನೆಹಾಕುತ್ತಾರೆ. ಬೆಳಿಗ್ಗೆ ಎದ್ದು ಬಗ್ಗಿಸುತ್ತಾರೆ, ಮುರಿಯುತ್ತದೆ, ಮತ್ತೆ ನೆನೆಹಾಕುತ್ತಾರೆ.

ಉತ್ತರ ಇಷ್ಟೇ: ಈಗಲೇ ಹೊರಗೆ ತೆಗೆಯಿರಿ. ಒರೆಸಿ, ಸಮತಟ್ಟಾದ ಹಲಗೆಯ ಮೇಲೆ ಒಂದರ ಪಕ್ಕ ಒಂದು ಮಲಗಿಸಿ, ಮೇಲೊಂದು ಹಲಗೆ ಇಟ್ಟು ಭಾರ ಹೇರಿ, ಎರಡು ದಿನ ನೆರಳಲ್ಲಿ ಒಣಗಲಿ. ಬಿಸಿಲಿಗೆ ಹಾಕಿದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತವೆ. ಆಮೇಲೆ ಬೇಕಾಗುವುದು ಒಂದು ಒದ್ದೆ ಬಟ್ಟೆ, ಒಂದು ಇಸ್ತ್ರಿ ಪೆಟ್ಟಿಗೆ, ಮತ್ತು ಎಲ್ಲಕ್ಕಿಂತ ಮೊದಲು ಒಂದು ಪೆನ್ಸಿಲ್. ಪೆನ್ಸಿಲ್ ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ನೀರಿನ ನಂಬಿಕೆಗೆ ಒಂದು ಗತಿ ಕಾಣಿಸೋಣ.

ಮರವನ್ನು ಬಗ್ಗಿಸುವುದು ಬಿಸಿ. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತುವಿಗೆ ಲಿಗ್ನಿನ್ ಎನ್ನುತ್ತಾರೆ. ತಣ್ಣಗಿರುವಾಗ ಅದು ಗಟ್ಟಿ. ಒದ್ದೆ ಮರದಲ್ಲಿ ಸುಮಾರು 80ರಿಂದ 100 ಡಿಗ್ರಿ ಬಿಸಿ ತಾಗಿದರೆ ಅದು ಮೆತ್ತಗಾಗುತ್ತದೆ, ಆಗ ನಾರುಗಳು ಒಂದರ ಮೇಲೊಂದು ಜಾರಲು ಎಡೆ ಸಿಗುತ್ತದೆ. ಆರಿದ ಮೇಲೆ ಮತ್ತೆ ಗಟ್ಟಿಯಾಗಿ, ಬಾಗಿದ ಆಕಾರದಲ್ಲೇ ನಿಲ್ಲುತ್ತದೆ. ನೀರಿಗೂ ಇದರಲ್ಲಿ ಪಾತ್ರವಿದೆ, ಇಲ್ಲವೆನ್ನುವುದಿಲ್ಲ. ತೇವವಿದ್ದರೆ ಲಿಗ್ನಿನ್ ಕಡಿಮೆ ಬಿಸಿಗೇ ಮೆತ್ತಗಾಗುತ್ತದೆ, ಬಿಸಿ ಬೇಗ ಒಳಗೆ ಇಳಿಯುತ್ತದೆ, ಮರ ಸುಟ್ಟು ಕಪ್ಪಾಗುವುದಿಲ್ಲ. ತಣ್ಣೀರೊಂದನ್ನೇ ನಂಬಿದರೆ ಪಟ್ಟಿ ಸ್ವಲ್ಪ ಬಳುಕುತ್ತದೆ ಅಷ್ಟೇ. ಪಿನ್ನು ತೆಗೆದ ಕೂಡಲೇ ಬಹುಪಾಲು ಹಿಂದಕ್ಕೆ ಹಾರುತ್ತದೆ. ನಿಮ್ಮ ಪಟ್ಟಿ ಎದ್ದು ಬರುತ್ತಿರುವುದಕ್ಕೆ ಅರ್ಧ ಕಾರಣ ಇದೇ.

ಹೊತ್ತಿನ ಲೆಕ್ಕಕ್ಕೆ ಬನ್ನಿ. ನಿಜವಾದ ಹಡಗು ಮತ್ತು ದೋಣಿ ಕಟ್ಟುವವರಲ್ಲಿ ಹಲಗೆಯನ್ನು ಹಬೆಯಲ್ಲಿ ಇಡುವುದಕ್ಕೆ ಒಂದು ಹಳೆಯ ಅಂದಾಜಿದೆ: ಒಂದು ಇಂಚು ದಪ್ಪಕ್ಕೆ ಒಂದು ಗಂಟೆ. ನಿಮ್ಮ ವಾಲ್‌ನಟ್ ಪಟ್ಟಿಯ ದಪ್ಪ ಅರ್ಧ ಮಿಲಿಮೀಟರ್. ಭಾಗಾಕಾರ ಮಾಡಿ ನೋಡಿ, ಒಂದು ನಿಮಿಷ ಚಿಲ್ಲರೆ ಬರುತ್ತದೆ. ಕೆಳಪದರದ ಒಂದೂವರೆ ಮಿಲಿಮೀಟರ್ ಪಟ್ಟಿಗೂ ನಾಲ್ಕು ನಿಮಿಷ ಆಗುವುದಿಲ್ಲ. ಮೂರು ಇಂಚಿನ ಓಕ್ ಹಲಗೆಗೇ ಮೂರು ಗಂಟೆ ಸಾಕೆಂದಮೇಲೆ, ಎರಡು ಪೋಸ್ಟ್‌ಕಾರ್ಡ್ ದಪ್ಪದ ಪಟ್ಟಿಗೆ ಇಡೀ ರಾತ್ರಿ ಏಕೆ?

"ಹೆಚ್ಚಾದರೆ ನಷ್ಟವೇನು ಸರ್?" ಎಂದು ಕೇಳುವವರಿದ್ದಾರೆ. ನಷ್ಟ ಇದೆ, ಅದೂ ಅಳೆದು ತೋರಿಸಬಹುದಾದ ನಷ್ಟ. ಮರ ನೀರು ಕುಡಿದರೆ ಉದ್ದಕ್ಕೆ ಬೆಳೆಯುವುದು ನಗಣ್ಯ, ಅಡ್ಡಕ್ಕೆ ಉಬ್ಬುತ್ತದೆ. ಅಮೆರಿಕದ ಕಪ್ಪು ವಾಲ್‌ನಟ್ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಅಡ್ಡಕ್ಕೆ 7.8 ಶೇಕಡದವರೆಗೆ ಕುಗ್ಗುತ್ತದೆ. ಕೆಳಪದರಕ್ಕೆ ಕೆಲವು ಕಿಟ್‌ಗಳಲ್ಲಿ ಬರುವ ಬಾಸ್‌ವುಡ್ ಇನ್ನೂ ಹೆಚ್ಚು, 9.3 ಶೇಕಡ. ನಮ್ಮ ಮನೆಯೊಳಗೆ ಮರ ಪೂರ್ತಿ ಒಣಗುವುದಿಲ್ಲ, ಹಾಗಾಗಿ ಇದರ ಮೂರನೇ ಎರಡು ಪಾಲು ಹಿಡಿಯಿರಿ. ಐದು ಮಿಲಿಮೀಟರ್ ಅಗಲದ ವಾಲ್‌ನಟ್ ಪಟ್ಟಿ ಕಾಲು ಮಿಲಿಮೀಟರ್ ಉಬ್ಬಿತು ಎಂದಾಯಿತು. ಉಬ್ಬಿದ್ದನ್ನೇ ನೀವು ಪಕ್ಕಪಕ್ಕ ಒತ್ತಿ ಅಂಟಿಸಿ, ಸಂದೇ ಇಲ್ಲ ಎಂದು ಖುಷಿಪಟ್ಟು, ಫೋಟೊ ಕಳಿಸುತ್ತೀರಿ. ವಾರ ಕಳೆದ ಮೇಲೆ ಇನ್ನೊಂದು ಫೋಟೊ ಬರುತ್ತದೆ: "ಸರ್, ಸಂದು ಬಿಟ್ಟಿದೆ, ಫೆವಿಕಾಲ್ ಸರಿಯಿಲ್ಲ ಅನ್ನಿಸುತ್ತೆ." ಫೆವಿಕಾಲ್ ಪಾಪ ತನ್ನ ಕೆಲಸ ಮಾಡಿದೆ. ಕಾಲು ಮಿಲಿಮೀಟರ್ ಏನು ಮಹಾ ಎನ್ನಬೇಡಿ. 1:64 ಅಳತೆಯ ಮಾದರಿಯಲ್ಲಿ ಅದು ನಿಜವಾದ ಹಡಗಿನ 16 ಮಿಲಿಮೀಟರ್. ಬೆರಳು ತೂರುವಷ್ಟು ಸಂದು, ಅದೂ ನೀರಿನ ಮಟ್ಟಕ್ಕಿಂತ ಕೆಳಗೆ!

ಇನ್ನೊಂದು ನಷ್ಟ ಬಣ್ಣದ್ದು. ಬೆಳಿಗ್ಗೆ ಆ ಬಕೆಟ್ಟಿನ ನೀರು ನೋಡಿದ್ದೀರಾ? ಹಾಲಿಲ್ಲದ ಚಹಾ ಇದ್ದಹಾಗೆ ಇರುತ್ತದೆ. ಆ ಕಂದು ಎಲ್ಲಿಂದ ಬಂತು? ನೀವು ದುಡ್ಡು ಕೊಟ್ಟು ತಂದ ಪಟ್ಟಿಯಿಂದ. ಕೆಲವು ಪಟ್ಟಿ ಹೆಚ್ಚು ಬಿಡುತ್ತವೆ, ಕೆಲವು ಕಡಿಮೆ. ವಾರ್ನಿಶ್ ಹೊಡೆದ ಮೇಲೆ ಅಲ್ಲಲ್ಲಿ ತೇಪೆ ಹಾಕಿದಂತೆ ಕಾಣುತ್ತದೆ.

ಒದ್ದೆ ವಾಲ್‌ನಟ್‌ಗೆ ಕಬ್ಬಿಣದ ಗುಂಡುಸೂಜಿ ಚುಚ್ಚಿದರಂತೂ ಸೂಜಿಯ ಸುತ್ತ ನೀಲಿಗಪ್ಪು ಕಲೆ. ಮರದೊಳಗಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆಗುವ ಕಲೆ ಅದು. ಹಿಂದೆ ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ಕ್ರಿಯೆ. ಉಪ್ಪುಕಾಗದದಲ್ಲಿ ಉಜ್ಜಿ ತೆಗೆಯುತ್ತೇನೆ ಎಂದರೆ, ಅರ್ಧ ಮಿಲಿಮೀಟರ್ ಪಟ್ಟಿಯಲ್ಲಿ ಉಜ್ಜಲು ಎಷ್ಟು ಮರ ಇದೆ? ನನ್ನ ಎರಡನೇ ಹಡಗಿನ ಬಲಮಗ್ಗುಲಲ್ಲಿ ಇಂಥ ಹದಿನಾಲ್ಕು ಚುಕ್ಕೆ ಇವೆ. ಆ ಮಗ್ಗುಲು ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದೇನೆ. ಈಗ ಹಿತ್ತಾಳೆ ಪಿನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ.

ಅಂಟಿನ ಗೋಳು ಬೇರೆ. ಫೆವಿಕಾಲ್ ತನ್ನೊಳಗಿನ ನೀರನ್ನು ಮರಕ್ಕೆ ಬಿಟ್ಟುಕೊಟ್ಟು ಗಟ್ಟಿಯಾಗುವ ಅಂಟು. ಮರವೇ ನೀರು ಕುಡಿದು ಕೂತಿದ್ದರೆ ಅದು ಎಲ್ಲಿಗೆ ಬಿಡಬೇಕು?

ಇಷ್ಟು ಹೇಳಿದ ಮೇಲೂ ಒಂದು ವಾದ ಬಾಕಿ ಇರುತ್ತದೆ. ಬುಟ್ಟಿ ಹೆಣೆಯುವವರು ಬಿದಿರಿನ ಸೀಳು ನೆನೆಸುವುದಿಲ್ಲವೇ? ನೆನೆಸುತ್ತಾರೆ. ಹೆಣೆಯುವಾಗ ಸೀಳು ಸಿಡಿಯದಿರಲಿ ಅಂತ. ಬುಟ್ಟಿಯ ಆಕಾರ ನಿಲ್ಲುವುದು ಹೆಣಿಗೆಯಿಂದ, ಒಂದು ಸೀಳು ಇನ್ನೊಂದನ್ನು ಹಿಡಿದುಕೊಂಡಿರುವುದರಿಂದ. ಮಧ್ಯೆ ಸಂದು ಬಿಟ್ಟರೆ ಬುಟ್ಟಿಗೆ ಅವಮಾನವೂ ಇಲ್ಲ. ಅದೇ ಬಿದಿರಿನ ಸೊಟ್ಟ ಕೋಲನ್ನು ನೆಟ್ಟಗೆ ಮಾಡಬೇಕಾದಾಗ ಬೆಂಕಿಯ ಮೇಲೆ ಹಿಡಿದು ಕಾಯಿಸಿ ತಿದ್ದುತ್ತಾರೆ. ನೀರು ಯಾವುದಕ್ಕೆ, ಬಿಸಿ ಯಾವುದಕ್ಕೆ ಎಂಬುದು ಬಿದಿರಿನ ಕೆಲಸದವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ನೀರಿಗೆ ಅಮೋನಿಯ ಬೆರೆಸುವವರೂ ಇದ್ದಾರೆ. ಮರವನ್ನು ಮೆತ್ತಗೆ ಮಾಡುವುದು ನೀರಿಲ್ಲದ ದ್ರವ ಅಮೋನಿಯ, ಕಾರ್ಖಾನೆಯ ವಸ್ತು. ನೆಲ ಒರೆಸುವ ಅಮೋನಿಯದಿಂದ ಕಣ್ಣುರಿ ಬರುತ್ತದೆ, ಮರದ ಬಣ್ಣ ಕೆಡುತ್ತದೆ. ಬೇಡ.

ಕೆಲಸ ಹೀಗೆ. ಒದ್ದೆ ಬಟ್ಟೆಯಲ್ಲಿ ಪಟ್ಟಿಯ ಎರಡೂ ಮುಖ ಒಮ್ಮೆ ಸವರಿ, ಬಾಗಬೇಕಾದ ಕಡೆ ಮಾತ್ರ. ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿ ಬಟ್ಟೆಯ ಬಿಸಿಗೆ ಇಟ್ಟು, ಹಳೆಯ ಸ್ಟೀಲ್ ಲೋಟವನ್ನು ಒಂದು ಮರದ ತುಂಡಿನ ಮೇಲೆ ಅಡ್ಡ ಮಲಗಿಸಿ ಭದ್ರ ಮಾಡಿ, ಪಟ್ಟಿಯನ್ನು ಲೋಟದ ಮೇಲಿಟ್ಟು ಪೆಟ್ಟಿಗೆಯ ತುದಿಯಿಂದ ಮೆಲ್ಲಗೆ ಒತ್ತುತ್ತಾ ಎಳೆಯಿರಿ. ಚುಸ್ ಎಂದು ಹಬೆ ಏಳುತ್ತದೆ. ಮೂರನೇ ಎಳೆತಕ್ಕೋ ನಾಲ್ಕನೇ ಎಳೆತಕ್ಕೋ ಪಟ್ಟಿ ಹಟ ಬಿಟ್ಟಿದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಎದುರು ತಳ್ಳುತ್ತಿದ್ದದ್ದು ಒಮ್ಮೆಲೇ ಸುಮ್ಮನಾಗುತ್ತದೆ. ಆ ಕ್ಷಣ ಒಂದು ಸಲ ಸಿಕ್ಕಿತೆಂದರೆ ನೀವು ಮತ್ತೆ ಬಕೆಟ್ ಕಡೆ ನೋಡುವುದಿಲ್ಲ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಗ್ಗಿಸಿ, ಆರುವ ತನಕ ಹಾಗೇ ಹಿಡಿದಿರಿ. ಹಡಗಿನ ಮೇಲೆ ಒತ್ತಡವಿಲ್ಲದೆ ಕೂರುತ್ತದೆಯೇ ನೋಡಿ, ತೇವ ಪೂರ್ತಿ ಆರಿದ ಮೇಲೆ ಅಂಟಿಸಿ.

ಈಗ ಪೆನ್ಸಿಲ್ಲಿನ ವಿಷಯ. ಪಟ್ಟಿ ಎದ್ದು ಬರಲು ಉಳಿದರ್ಧ ಕಾರಣ ಇಲ್ಲಿದೆ, ಇದನ್ನು ಯಾರೂ ಕೇಳುವುದೇ ಇಲ್ಲ. ಪಟ್ಟಿಯನ್ನು ಮುಖದ ಮೇಲೆ ಬಗ್ಗಿಸುವುದು ಬೇರೆ, ಅಂಚಿನ ಮೇಲೆ ಬಗ್ಗಿಸುವುದು ಬೇರೆ. ಐದು ಮಿಲಿಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪ ಎಂದರೆ ಅಗಲ ದಪ್ಪದ ಹತ್ತು ಪಟ್ಟು. ಹಾಗಾಗಿ ಅಂಚಿನ ಮೇಲೆ ಅದರ ಬಿಗಿ ಹತ್ತು ಗುಣಿಸು ಹತ್ತು, ನೂರು ಪಟ್ಟು. ಎಂಡೆವರ್‌ನ ಮೂತಿ ಕುಂಬಳಕಾಯಿಯ ಹಾಗೆ ದುಂಡಗಿದೆ. ವಿಟ್ಬಿಯಲ್ಲಿ 1764ರಲ್ಲಿ ಕಲ್ಲಿದ್ದಲು ಸಾಗಿಸಲೆಂದು ಕಟ್ಟಿದ ಹಡಗು ಅದು, ಹೊಟ್ಟೆ ತುಂಬ ಸರಕು ಹಿಡಿಯಬೇಕಿತ್ತು. ಅಂಥ ಮೂತಿಯ ಸುತ್ತ ಒಂದೇ ಅಗಲದ ಪಟ್ಟಿಯನ್ನು ಸುತ್ತಿದರೆ ಅದು ಪಕ್ಕದ ಪಟ್ಟಿಯ ಮೇಲೆ ಹತ್ತಲು ನೋಡುತ್ತದೆ. ಅದನ್ನು ಕೆಳಗಿಳಿಸಲು ನೀವು ಅಂಚಿನ ಮೇಲೆ ಒತ್ತುತ್ತೀರಿ. ನೂರು ಪಟ್ಟು ಬಿಗಿಯನ್ನು ಯಾವ ನೀರು ಇಳಿಸೀತು?

ಒಂದು ಕಾಗದದ ಪಟ್ಟಿಯಿಂದ ನಡುಭಾಗದ ಫ್ರೇಮಿನ, ಅಂದರೆ ಹಡಗಿನ ಪಕ್ಕೆಲುಬಿನ, ಸುತ್ತಳತೆ ತೆಗೆಯಿರಿ. 120 ಮಿಲಿಮೀಟರ್ ಇದೆ ಎನ್ನಿ, 24 ಪಟ್ಟಿ ಹಿಡಿಯುತ್ತದೆ. ಮೂತಿಯ ಹತ್ತಿರ ಅಳೆದರೆ 72 ಅಷ್ಟೇ ಇರಬಹುದು. ಅಲ್ಲೂ 24 ಪಟ್ಟಿ ಕೂರಬೇಕೆಂದರೆ ಒಂದೊಂದಕ್ಕೆ ಮೂರೇ ಮಿಲಿಮೀಟರ್. ಪ್ರತಿ ಫ್ರೇಮಿನಲ್ಲೂ ಹೀಗೆ ಅಳೆದು ಪಟ್ಟಿಯ ಮೇಲೆ ಪೆನ್ಸಿಲ್ ಗುರುತು ಹಾಕಿ, ಗುರುತುಗಳನ್ನು ಸೇರಿಸಿ, ಬ್ಲೇಡಿನಲ್ಲಿ ಕೊಯ್ದು ಉಪ್ಪುಕಾಗದ ಹಿಡಿಯಿರಿ. ಅಗಲ ಅರ್ಧಕ್ಕಿಂತ ಕಡಿಮೆಯಾಗುವ ಕಡೆ ಚೂಪು ತುದಿ ಬಿಡದೆ, ಎರಡು ಪಟ್ಟಿಯ ಜಾಗಕ್ಕೆ ಒಂದನ್ನೇ ಮುಂದುವರಿಸಿ. ಹೀಗೆ ಸೀಳಿದ ಪಟ್ಟಿ ತಾನಾಗಿಯೇ ಹೋಗಿ ತನ್ನ ಜಾಗದಲ್ಲಿ ಮಲಗುತ್ತದೆ, ಬಿಸಿಯೂ ಅಷ್ಟಾಗಿ ಬೇಕಾಗುವುದಿಲ್ಲ.

ಪ್ರಶ್ನೆ ಇಲ್ಲಿಗೆ ಮುಗಿಯಿತು. ಆದರೆ ವಾಲ್‌ನಟ್ ಮಾತು ಬಂದಿದ್ದರಿಂದ ಯಾರೂ ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ. ನಿಜವಾದ ಎಂಡೆವರ್‌ನಲ್ಲಿ ವಾಲ್‌ನಟ್ ಹಲಗೆ ಹುಡುಕಬೇಡಿ. ಅದು ಓಕ್ ಹಡಗು. 1817ರಲ್ಲಿ ಮುಂಬಯಿಯ ವಾಡಿಯಾ ಮನೆತನದವರು ಕಟ್ಟಿದ ಟ್ರಿಂಕೊಮಲಿ ಎಂಬ ಹಡಗು ಮಲಬಾರಿನ ತೇಗದ್ದು, ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಕಿಟ್‌ನವರು ವಾಲ್‌ನಟ್ ಕೊಡುವುದು ಬಣ್ಣ ಚೆನ್ನ ಅಂತ, ಕೊಯ್ಯಲು ಸುಲಭ ಅಂತ. ಓಕ್‌ನ ರಂಧ್ರಗಳು ದೊಡ್ಡವು, ಮಾದರಿಯ ಅಳತೆಯಲ್ಲಿ ಹಲಗೆಯ ಮೇಲೆ ಗುಂಡಿ ತೋಡಿದಂತೆ ಕಾಣುತ್ತವೆ.

ಅದೂ ಎಲ್ಲ ಡಬ್ಬಿಯಲ್ಲೂ ನಿಜವಾದ ವಾಲ್‌ನಟ್, ನಮ್ಮ ಅಕ್ರೋಟಿನ ಮರ, ಇರುತ್ತದೆಂದು ತಿಳಿಯಬೇಡಿ. ಆಫ್ರಿಕನ್ ವಾಲ್‌ನಟ್ ಎಂಬ ಹೆಸರಿನಲ್ಲಿ ಮಾರುವ ಲೋವೊವಾ ಮರಕ್ಕೂ ಅಕ್ರೋಟಿಗೂ ನೆಂಟಸ್ತಿಕೆ ಇಲ್ಲ. ಅದು ಮಹಾಗನಿಯ ಕುಟುಂಬ, ನಮ್ಮ ಬೇವಿನದೂ ಅದೇ ಕುಟುಂಬ. ಅದರ ನಾರು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೆಣೆದುಕೊಂಡಿರುವುದರಿಂದ ಅಂಚಿನಲ್ಲಿ ಚಕ್ಕೆ ಏಳುತ್ತದೆ. ಹಾಗಾಗಿ ಕೊಯ್ಯುವ ಮುಂಚೆ ಪಟ್ಟಿಯ ತುದಿಯಲ್ಲಿ ಬ್ಲೇಡ್ ಆಡಿಸಿ ನೋಡಿ. ಒಂದು ದಿಕ್ಕಿಗೆ ಕಿತ್ತು ಬಂದರೆ ಇನ್ನೊಂದು ತುದಿಯಿಂದ ಶುರುಮಾಡಿ. ಎರಡು ಕಡೆಯಿಂದಲೂ ಕಿತ್ತು ಬರುವ ಪಟ್ಟಿಯನ್ನು ಹಡಗಿನ ತಳದ ಬೆನ್ನೆಲುಬಾದ ಕೀಲ್ ಹತ್ತಿರದ ಸಾಲಿಗೆ ತೆಗೆದಿಡಿ, ಅಲ್ಲಿ ಬಗ್ಗಿ ನೋಡುವವರು ಕಡಿಮೆ.